ಮಗ್ಗದಿಂದ ಮಿದುಳಿನವರೆಗೆ: ಔದ್ಯೋಗಿಕ ಚಿಕಿತ್ಸೆ ನಡೆದು ಬಂದ ದಾರಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ವರವು ಕಾವಲ್ ಎಂಬ ಹುಲ್ಲುಗಾವಲಿದೆ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಕಾವಲುಗಳಲ್ಲಿ ಇದೂ ಒಂದು. ಮಳೆ ಕಡಿಮೆ, ಕುರುಚಲು ಗಿಡ, ನೆಲಕ್ಕಂಟಿದ ಹುಲ್ಲು. ಇಂಥ ನೆಲಕ್ಕೆ ಒಗ್ಗುವ ಕಸುಬು ಕುರಿ ಸಾಕಣೆ. ಕುರಿಯ ಉಣ್ಣೆಯನ್ನು ಹಿಂಜಿ, ನೂತು, ಹುಣಸೆ ಬೀಜದ ಗಂಜಿ ಹಾಕಿ ಕಂಬಳಿ ನೇಯುವ ಕುಟುಂಬಗಳು ಚಳ್ಳಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿವೆ. ಮೊಳಕಾಲ್ಮೂರಿನ ಕೈಮಗ್ಗಗಳಲ್ಲಿ ರೇಷ್ಮೆ ಸೀರೆ ತಯಾರಾಗುತ್ತದೆ. ಈ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಈ ಸೀಮೆಯ ನೇಕಾರರೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತು. ಒಂದು ದಿನ ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸ್ವಾಧೀನ ತಪ್ಪುತ್ತವೆ. ಆಸ್ಪತ್ರೆಯಲ್ಲಿ ಜೀವ ಉಳಿಯುತ್ತದೆ. ಕೆಲವು ವಾರಗಳಲ್ಲಿ ಕೋಲು ಹಿಡಿದು ನಡೆಯುತ್ತಾರೆ. ಆದರೆ ಅಂಗಿಯ ಗುಂಡಿ ಹಾಕಲು ಬಾರದು, ಮುದ್ದೆ ಮುರಿಯಲು ಬಾರದು, ಲಾಳಿ ಹಿಡಿಯಲು ಬಾರದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆ ಇವರ ಪಾಲಿಗೆ ಅಕ್ಷರಶಃ ನಿಜ. ಮುಂದೆ ಏನು ಮಾಡಬೇಕು? ಕೈಯ ಕೀಲುಗಳಿಗೆ ವ್ಯಾಯಾಮ ಕೊಡಬೇಕೇ? ಮಿದುಳಿಗೆ ಮರಳಿ ಕಲಿಸಬೇಕೇ? ಕೈ ಇದ್ದ ಹಾಗೇ ಇರಲಿ ಎಂದು ಮಗ್ಗವನ್ನೇ ಬದಲಿಸಬೇಕೇ? ಅಥವಾ ಮೊದಲು ಅವರನ್ನೇ ಕೂರಿಸಿಕೊಂಡು, ನಿಮಗೆ ಯಾವ ಕೆಲಸ ಮುಖ್ಯ ಎಂದು ಕೇಳಬೇಕೇ?

ಈ ನಾಲ್ಕು ಪ್ರಶ್ನೆಗಳು ನಾಲ್ಕು ಸಿದ್ಧಾಂತಗಳಾಗಿ ಬೆಳೆದ ಕಥೆಯೇ ಆಕ್ಯುಪೇಷನಲ್ ಥೆರಪಿ ಅಥವಾ ಔದ್ಯೋಗಿಕ ಚಿಕಿತ್ಸೆಯ ಚರಿತ್ರೆ. ಮಗ್ಗ ಈ ಚಿಕಿತ್ಸೆಯ ಮೊದಲ ಸಾಧನಗಳಲ್ಲಿ ಒಂದಾಗಿತ್ತು ಎಂಬುದು ಇಲ್ಲಿನ ಸ್ವಾರಸ್ಯ.

'ಉದ್ಯೋಗ' ಎಂದರೆ ಯಾವುದು?

ಮೊದಲಿಗೆ ಒಂದು ಗೊಂದಲವನ್ನು ಬಗೆಹರಿಸಿಕೊಳ್ಳೋಣ. ಹೆಸರು ಕೇಳಿದೊಡನೆ ಇದು ಉದ್ಯೋಗ ಕೊಡಿಸುವ ತರಬೇತಿ ಎಂದು ಅನೇಕರು ತಿಳಿಯುತ್ತಾರೆ. ಇಲ್ಲಿ ಉದ್ಯೋಗ ಎಂದರೆ ಸಂಬಳದ ಕೆಲಸ ಮಾತ್ರವಲ್ಲ. ಮನುಷ್ಯ ತನ್ನ ದಿನವನ್ನು ತುಂಬಿಕೊಳ್ಳುವ ಎಲ್ಲ ಚಟುವಟಿಕೆಗಳೂ ಸೇರುತ್ತವೆ. ಹಲ್ಲುಜ್ಜುವುದು, ಸ್ನಾನ, ಅಡುಗೆ, ದನ ಕಟ್ಟುವುದು, ಮಗುವಿಗೆ ಉಣಿಸುವುದು, ಶಾಲೆಯಲ್ಲಿ ಬರೆಯುವುದು, ಆಟ, ಹಬ್ಬದ ರಂಗೋಲಿ ಎಲ್ಲವೂ ಉದ್ಯೋಗವೇ. ಫಿಸಿಯೋಥೆರಪಿಗೂ ಇದಕ್ಕೂ ನಂಟು ಗಾಢವಾಗಿದೆ, ಕೆಲವು ತಂತ್ರಗಳು ಎರಡರಲ್ಲೂ ಒಂದೇ. ಸ್ಥೂಲವಾಗಿ ಹೇಳುವುದಾದರೆ, ಮೊದಲನೆಯದು ದೇಹದ ಚಲನೆಯಿಂದ ಹೊರಡುತ್ತದೆ, ಎರಡನೆಯದು ಆ ಚಲನೆ ಯಾವ ಕೆಲಸಕ್ಕೆ ಬೇಕು ಎಂಬುದರಿಂದ ಹೊರಡುತ್ತದೆ.

ಆಸ್ಪತ್ರೆಗೆ ಬಂದ ಮಗ್ಗ

ಕೆಲಸ ಆರೋಗ್ಯಕ್ಕೆ ಒಳ್ಳೆಯದು ಎಂಬ ಭಾವನೆ ಹಳೆಯದು. ಅದು ಚಿಕಿತ್ಸೆಯ ರೂಪ ತಾಳಿದ್ದು ಹದಿನೆಂಟನೆಯ ಶತಮಾನದ ಕೊನೆಗೆ, ಮಾನಸಿಕ ಆಸ್ಪತ್ರೆಗಳಲ್ಲಿ. ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್ ಮನೋರೋಗಿಗಳನ್ನು ಮನುಷ್ಯರಂತೆ ಕಾಣಬೇಕು, ಅವರಿಗೆ ಕೆಲಸ ಕೊಡಬೇಕು ಎಂದು ವಾದಿಸಿದ. ಇಂಗ್ಲೆಂಡಿನಲ್ಲಿ ವಿಲಿಯಂ ಟ್ಯೂಕ್ ಮೊದಲಾದ ಕ್ವೇಕರ್ ಪಂಥದವರು 1796ರಲ್ಲಿ ತೆರೆದ ಯಾರ್ಕ್ ರಿಟ್ರೀಟ್‌ನಲ್ಲೂ ಇದೇ ಕ್ರಮವಿತ್ತು.

ದೈಹಿಕ ಕಾಯಿಲೆಗಳಿಗೆ ಈ ಆಲೋಚನೆ ಹರಡಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ವಾಸ್ತುಶಿಲ್ಪಿ ಜಾರ್ಜ್ ಎಡ್ವರ್ಡ್ ಬಾರ್ಟನ್ ಕ್ಷಯದಿಂದ ನರಳಿದ್ದ. ಪಾದದ ಭಾಗವನ್ನು ಕಳೆದುಕೊಂಡಿದ್ದ. ದೇಹದ ಎಡಭಾಗಕ್ಕೆ ಪಾರ್ಶ್ವವಾಯು ತಗುಲಿತ್ತು. ತೋಟಗಾರಿಕೆ, ಮರಗೆಲಸಗಳ ಮೂಲಕ ತಾನೇ ಚೇತರಿಸಿಕೊಂಡ ಆತ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್‌ನಲ್ಲಿ ಒಂದು ಕೇಂದ್ರ ತೆರೆದ. 1917ರ ಮಾರ್ಚ್‌ನಲ್ಲಿ ಅಲ್ಲಿ ಸೇರಿದ ಆರು ಮಂದಿ ಔದ್ಯೋಗಿಕ ಚಿಕಿತ್ಸೆಯ ಮೊದಲ ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಮನೋವೈದ್ಯ ವಿಲಿಯಂ ರಷ್ ಡಂಟನ್, ಸಮಾಜಸೇವಕಿ ಎಲಿನಾರ್ ಕ್ಲಾರ್ಕ್ ಸ್ಲಾಗಲ್, ಕರಕುಶಲ ಶಿಕ್ಷಕಿ ಸೂಸನ್ ಕಾಕ್ಸ್ ಜಾನ್ಸನ್ ಇದ್ದರು. ವೈದ್ಯ, ರೋಗಿ, ಶಿಕ್ಷಕಿ ಒಂದೇ ಮೇಜಿನ ಸುತ್ತ ಕುಳಿತು ಆರಂಭಿಸಿದ ವಿದ್ಯೆ ಇದು ಎಂಬುದನ್ನು ಶಿಕ್ಷಕ ಓದುಗರು ಗಮನಿಸಬೇಕು.

ಅದೇ ವೇಳೆಗೆ ಮೊದಲ ಮಹಾಯುದ್ಧದ ಗಾಯಾಳುಗಳು ಆಸ್ಪತ್ರೆಗಳನ್ನು ತುಂಬುತ್ತಿದ್ದರು. ಅವರಿಗಾಗಿ ನೇಮಕಗೊಂಡ ಸಹಾಯಕಿಯರು ವಾರ್ಡುಗಳಿಗೆ ಮಗ್ಗ, ಬುಟ್ಟಿ ಹೆಣೆಯುವ ಬೆತ್ತ, ಮರಗೆಲಸದ ಉಪಕರಣಗಳನ್ನು ತಂದರು. ಬೇಸರ ಕಳೆಯುವುದು ಮೊದಲ ಉದ್ದೇಶ. ನೇಯುತ್ತಾ ನೇಯುತ್ತಾ ಬಿಗಿದ ಭುಜ ಸಡಿಲವಾಗುತ್ತದೆ ಎಂಬುದು ನಿಧಾನವಾಗಿ ಕಣ್ಣಿಗೆ ಬಿತ್ತು.

ಕೀಲು, ಕೋನ, ಬಲ

ಕಣ್ಣಿಗೆ ಬಿದ್ದದ್ದನ್ನು ಅಳೆಯಬೇಕಲ್ಲವೇ? 1918–19ರಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಮನೋವಿಜ್ಞಾನಿ ಬರ್ಡ್ ಬಾಲ್ಡ್‌ವಿನ್ ಈ ಕೆಲಸಕ್ಕೆ ಕೈಹಾಕಿದ. ಪ್ರತಿ ಕೀಲು ಎಷ್ಟು ಡಿಗ್ರಿ ಬಾಗುತ್ತದೆ, ಸ್ನಾಯುವಿನ ಬಲ ಎಷ್ಟು ಎಂದು ಅಳೆದು, ಯಾವ ಕೈಕೆಲಸಕ್ಕೆ ಯಾವ ಚಲನೆ ಬೇಕು ಎಂದು ವಿಂಗಡಿಸಿದ. ಇಲ್ಲಿಂದ ಬೆಳೆದದ್ದು ಜೀವಯಾಂತ್ರಿಕ ವಿಧಾನ. ದೇಹವನ್ನು ಸನ್ನೆಗಳು, ಕೀಲುಗಳು, ಬಲಗಳ ವ್ಯವಸ್ಥೆಯೆಂದು ನೋಡುವ ದೃಷ್ಟಿ ಇದು. ಚಿಕಿತ್ಸೆಯ ಗುರಿ ಮೂರು: ಕೀಲಿನ ಚಲನೆಯ ವ್ಯಾಪ್ತಿ ಹೆಚ್ಚಿಸುವುದು, ಸ್ನಾಯುಬಲ ಹೆಚ್ಚಿಸುವುದು, ದಣಿವಿಲ್ಲದೆ ದುಡಿಯುವ ಅವಧಿ ಹೆಚ್ಚಿಸುವುದು.

ಗುಂಡಿ ಮಗ್ಗವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ. ನೇಕಾರ ನೆಲಮಟ್ಟದಲ್ಲಿ ಕುಳಿತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಡುತ್ತಾನೆ. ಕಾಲಿನ ಹಲಗೆಯನ್ನು ಒತ್ತಿದಾಗ ಮೊಣಕಾಲು ಮತ್ತು ಹರಡಿನ ಕೀಲು ಚಲಿಸುತ್ತವೆ. ಹಾಸಿನ ಎಳೆಗಳು ಬೇರ್ಪಟ್ಟು ದಾರಿ ಬಿಡುತ್ತವೆ. ಆ ದಾರಿಯಲ್ಲಿ ಲಾಳಿ ಓಡುವಾಗ ಮಣಿಕಟ್ಟು, ಮೊಣಕೈ ಕೆಲಸ ಮಾಡುತ್ತವೆ. ಹೊಕ್ಕಿನ ಎಳೆಯನ್ನು ಬಿಗಿಯಾಗಿ ಬಡಿಯುವಾಗ ಭುಜ, ಬೆನ್ನು ಸೇರಿಕೊಳ್ಳುತ್ತವೆ. ಕಣ್ಣು ಅಂಚನ್ನು ಕಾಯುತ್ತದೆ, ಮನಸ್ಸು ಎಳೆಯ ಲೆಕ್ಕ ಇಡುತ್ತದೆ. ಹೀಗೆ ಒಂದು ಕೆಲಸವನ್ನು ಚಲನೆ, ಬಲ, ಸಂವೇದನೆ, ಗಮನ ಎಂದು ಬಿಡಿಸುವುದಕ್ಕೆ ಚಟುವಟಿಕೆಯ ವಿಶ್ಲೇಷಣೆ ಎನ್ನುತ್ತಾರೆ. ಇಂದಿಗೂ ಈ ವಿದ್ಯೆಯ ಅಡಿಪಾಯ ಇದೇ.

ವಿಶ್ಲೇಷಿಸಿದ ಮೇಲೆ ಹದ ಮಾಡುವುದು ಮುಂದಿನ ಹೆಜ್ಜೆ. ಮಗ್ಗಕ್ಕೆ ರಾಟೆ ಮತ್ತು ತೂಕ ಕಟ್ಟಿ ಎಳೆಯುವ ಶ್ರಮವನ್ನು ವಾರ ವಾರಕ್ಕೆ ಹೆಚ್ಚಿಸಬಹುದು. ಮಗ್ಗವನ್ನು ಎತ್ತರಕ್ಕೆ ಏರಿಸಿದರೆ ಭುಜ ಮೇಲೆತ್ತಲೇಬೇಕು. ಕಾಲಿಗೆ ಬಲ ಬರಲಿ ಎಂದು ಸೈಕಲ್ಲಿನಂತೆ ತುಳಿದು ನಡೆಸುವ ಗರಗಸಗಳೂ ಚಿಕಿತ್ಸಾಲಯಗಳಿಗೆ ಬಂದವು. 1956ರಲ್ಲಿ ಜಾನ್ ನೇಪಿಯರ್ ಕೈಯ ಹಿಡಿತವನ್ನು ಬಲದ ಹಿಡಿತ ಮತ್ತು ನಾಜೂಕಿನ ಹಿಡಿತ ಎಂದು ಎರಡಾಗಿ ವಿಂಗಡಿಸಿದಾಗ ಈ ಲೆಕ್ಕ ಇನ್ನಷ್ಟು ಸ್ಪಷ್ಟವಾಯಿತು. ಸುತ್ತಿಗೆ ಹಿಡಿಯುವುದು ಮೊದಲನೆಯದು, ಸೂಜಿ ಹಿಡಿಯುವುದು ಎರಡನೆಯದು.

ಭಾರತದಲ್ಲಿ ಆರಂಭ

ಭಾರತಕ್ಕೆ ಈ ವಿದ್ಯೆಯನ್ನು ತಂದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿ ಎಂಬ ಹೆಸರಿನಿಂದ ಹುಟ್ಟಿ, ವಿಷ್ಣು ನಿಂಬ್ಕರ್ ಅವರನ್ನು ಮದುವೆಯಾಗಿ ಭಾರತದಲ್ಲಿ ನೆಲೆಸಿದವರು. ನಡುವಯಸ್ಸಿನಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಔದ್ಯೋಗಿಕ ಚಿಕಿತ್ಸೆ ಕಲಿತು ಬಂದ ಅವರು 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಔದ್ಯೋಗಿಕ ಚಿಕಿತ್ಸಕರ ಸಂಘ ಸ್ಥಾಪನೆಯಾಯಿತು. ಅದೇ ವರ್ಷ ಹತ್ತು ದೇಶಗಳು ಸೇರಿ ವಿಶ್ವ ಒಕ್ಕೂಟ ಕಟ್ಟಿದಾಗ ಅವುಗಳಲ್ಲಿ ಭಾರತವೂ ಒಂದಾಗಿತ್ತು.

ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ ಇನ್ನೊಂದು ಮಹತ್ವದ ಕೆಲಸ ನಡೆಯಿತು. ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಗೆ ಕುಷ್ಠರೋಗದಿಂದ ಮಡಚಿಕೊಂಡ ಬೆರಳುಗಳನ್ನು ಸ್ನಾಯುರಜ್ಜು ಜೋಡಿಸಿ ಬಿಡಿಸತೊಡಗಿದರು. ಬೆರಳು ಬಿಡಿಸಿಕೊಂಡರೂ ರೋಗಿಗಳ ಕೈಗೆ ಪದೇ ಪದೇ ಗಾಯ, ಬೊಬ್ಬೆ. ಕಾರಣ ಹುಡುಕುತ್ತಾ ಹೋದಾಗ, ಬೆರಳುಗಳು ತಾವಾಗಿ ಕೊಳೆತು ಬೀಳುವುದಿಲ್ಲ, ನೋವಿನ ಅರಿವಿಲ್ಲದ ಕೈ ಬಿಸಿ ಪಾತ್ರೆಯನ್ನೂ ಒರಟು ಹಿಡಿಯನ್ನೂ ಬಿಡದೆ ಹಿಡಿಯುವುದರಿಂದ ಹಾಳಾಗುತ್ತದೆ ಎಂಬುದು ಸ್ಪಷ್ಟವಾಯಿತು. ಶಸ್ತ್ರಚಿಕಿತ್ಸೆಯಾದವರು ಮರಗೆಲಸ ಕಲಿಯಲೆಂದು ಅಲ್ಲಿ ಪುನರ್ವಸತಿ ಕೇಂದ್ರವೊಂದು ತಲೆಯೆತ್ತಿತು. ಉಪಕರಣದ ಹಿಡಿ ಹೇಗಿದೆ ಎಂಬುದು ವೈದ್ಯಕೀಯ ಪ್ರಶ್ನೆಯಾಯಿತು. ಅದೇ ಸಂಸ್ಥೆಯ ವೈದ್ಯೆ ಮೇರಿ ವರ್ಗೀಸ್ 1954ರ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದ ಅವರು 1966ರಲ್ಲಿ ಆರಂಭವಾದ ಪುನರ್ವಸತಿ ಸಂಸ್ಥೆಯ ಹಿಂದಿನ ಶಕ್ತಿಯಾಗಿದ್ದರು.

ಕರ್ನಾಟಕದಲ್ಲಿ, ಪೋಲಿಯೊದಿಂದ ಬಾಧಿತರಾಗಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು (ಎಪಿಡಿ) ಕಟ್ಟಿದರು. 1994ರಲ್ಲಿ ಬೆಂಗಳೂರಿನಲ್ಲೇ ಮೊಬಿಲಿಟಿ ಇಂಡಿಯಾ ಸ್ಥಾಪನೆಯಾಯಿತು. ಮಣಿಪಾಲದಲ್ಲಿ ಔದ್ಯೋಗಿಕ ಚಿಕಿತ್ಸೆಯ ಪದವಿ ಶಿಕ್ಷಣವಿದೆ.

ನರಮಂಡಲದ ಕಡೆಗೆ

ಜೀವಯಾಂತ್ರಿಕ ವಿಧಾನಕ್ಕೆ ಒಂದು ಮಿತಿ ಇದೆ. ಮೂಳೆ ಮುರಿದ ಕೈಗೂ ಪೋಲಿಯೊದಿಂದ ದುರ್ಬಲವಾದ ಕಾಲಿಗೂ ಅದು ಸರಿ. ನಮ್ಮ ನೇಕಾರರ ತೊಂದರೆ ಬೇರೆ. ಅವರ ಕೀಲು, ಸ್ನಾಯು ಎರಡೂ ಚೆನ್ನಾಗಿವೆ. ಕೆಟ್ಟಿರುವುದು ಆಜ್ಞೆ ಕೊಡುವ ಮಿದುಳಿನ ಭಾಗ. ಕೈ ಎತ್ತಲು ಹೊರಟರೆ ಮೊಣಕೈ ಮಡಚಿಕೊಳ್ಳುತ್ತದೆ, ಬೆರಳು ಬಿಗಿದುಕೊಳ್ಳುತ್ತದೆ.

1940ರಿಂದ 1960ರ ದಶಕಗಳ ನಡುವೆ ಇದಕ್ಕೆ ಹಲವು ಉತ್ತರಗಳು ಬಂದವು. ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ, ತಪ್ಪು ಬಿಗಿತವನ್ನು ತಡೆದು ಸಹಜ ಚಲನೆಯನ್ನು ಕೈಹಿಡಿದು ತೋರಿಸಬೇಕು ಎಂದರು. ಸಿಗ್ನೆ ಬ್ರನ್‌ಸ್ಟ್ರಾಮ್, ಚೇತರಿಕೆ ಒಂದು ಕ್ರಮದಲ್ಲಿ ನಡೆಯುತ್ತದೆ, ಆರಂಭದ ಒರಟು ಚಲನೆಯನ್ನೇ ಮೆಟ್ಟಿಲಾಗಿ ಬಳಸಬೇಕು ಎಂದರು. ಮಾರ್ಗರೆಟ್ ರೂಡ್ ಚರ್ಮಕ್ಕೆ ಕುಂಚದ ಸ್ಪರ್ಶ, ತಂಪು, ಒತ್ತಡ ಕೊಟ್ಟು ಸ್ನಾಯುವನ್ನು ಎಚ್ಚರಿಸಲು ಯತ್ನಿಸಿದರು. ಬೊಬಾತ್ ಮತ್ತು ಬ್ರನ್‌ಸ್ಟ್ರಾಮ್ ಪರಸ್ಪರ ವಿರುದ್ಧ ದಿಕ್ಕಿನಲ್ಲಿದ್ದಾರೆ ಎಂಬುದನ್ನು ಗಮನಿಸಿ: ಒಬ್ಬರು ಬೇಡ ಎಂದ ಚಲನೆ ಇನ್ನೊಬ್ಬರಿಗೆ ಮೊದಲ ಮೆಟ್ಟಿಲು. ಆದರೂ ಇವರೆಲ್ಲರಿಗೆ ಒಂದು ನಂಬಿಕೆ ಸಮಾನವಾಗಿತ್ತು. ಮೊದಲು ಚಲನೆ ಸರಿಯಾಗಲಿ, ಕೆಲಸ ಆಮೇಲೆ ತಾನಾಗಿ ಬರುತ್ತದೆ ಎಂಬುದು ಆ ನಂಬಿಕೆ.

ಈ ದಶಕಗಳಲ್ಲಿ ಮಗ್ಗ, ಬುಟ್ಟಿಗಳು ಆಸ್ಪತ್ರೆಗಳಿಂದ ಮೂಲೆಗೆ ಸರಿದವು. ವಿಜ್ಞಾನದ ಜೊತೆ ಹೆಜ್ಜೆ ಹಾಕಬೇಕಾದ ಚಿಕಿತ್ಸಕರಿಗೆ ಬುಟ್ಟಿ ಹೆಣೆಸುವವರು ಎಂಬ ಹಾಸ್ಯ ಮುಜುಗರ ತಂದಿತು. 1961ರಲ್ಲಿ ಮೇರಿ ರೀಲಿ ಎಂಬ ಚಿಕಿತ್ಸಕಿ ತನ್ನ ಉಪನ್ಯಾಸವೊಂದರಲ್ಲಿ ಎಚ್ಚರಿಕೆ ಕೊಟ್ಟರು. ಉದ್ಯೋಗವನ್ನೇ ಬಿಟ್ಟರೆ ಔದ್ಯೋಗಿಕ ಚಿಕಿತ್ಸೆಯಲ್ಲಿ ಉಳಿಯುವುದೇನು ಎಂಬುದು ಅವರ ವಾದದ ತಿರುಳು. ಅವರ ಶಿಷ್ಯ ಗ್ಯಾರಿ ಕೀಲ್‌ಹಾಫ್ನರ್ ಮತ್ತು ಸಂಗಡಿಗರು 1980ರಲ್ಲಿ ಮಾನವ ಉದ್ಯೋಗದ ಮಾದರಿಯನ್ನು ಮಂಡಿಸಿದರು. ಮನುಷ್ಯನ ಇಚ್ಛೆ, ಅಭ್ಯಾಸ, ಸಾಮರ್ಥ್ಯ, ಪರಿಸರ ಸೇರಿಯೇ ಕೆಲಸ ನಡೆಯುತ್ತದೆ ಎಂಬುದು ಅದರ ಸಾರ.

ಮಿದುಳು ಕೊಟ್ಟ ಸಾಕ್ಷ್ಯ

ಇದು ಬರಿಯ ತತ್ತ್ವವಾಗಿ ಉಳಿಯಲಿಲ್ಲ. ಎಡ್ವರ್ಡ್ ಟಾಬ್ ಎಂಬ ಸಂಶೋಧಕ ಕೋತಿಯ ಒಂದು ಕೈಯ ಸಂವೇದನಾ ನರಗಳನ್ನು ಕತ್ತರಿಸಿದಾಗ ಅದು ಆ ಕೈಯನ್ನು ಬಳಸುವುದನ್ನೇ ಬಿಟ್ಟಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ ಬಿಟ್ಟ ಕೈಯನ್ನು ಮತ್ತೆ ಬಳಸಿತು. ಕೈಗೆ ಸಾಮರ್ಥ್ಯ ಇದ್ದರೂ, ಬಳಸಿ ಸೋತು ಸೋತು ಮಿದುಳು ಬಳಸದಿರುವುದನ್ನು ಕಲಿತಿತ್ತು. ಇದೇ ಆಧಾರದ ಮೇಲೆ ಪಾರ್ಶ್ವವಾಯು ರೋಗಿಗಳ ಒಳ್ಳೆಯ ಕೈಗೆ ಎಚ್ಚರವಿರುವ ಹೊತ್ತಿನ ಬಹುಪಾಲು ಕೈಚೀಲ ತೊಡಿಸಿ, ದುರ್ಬಲ ಕೈಯಿಂದ ದಿನಕ್ಕೆ ಹಲವು ಗಂಟೆ ನಿಜವಾದ ಕೆಲಸ ಮಾಡಿಸುವ ಚಿಕಿತ್ಸೆ ರೂಪುಗೊಂಡಿತು. 222 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಎಕ್ಸೈಟ್ ಪ್ರಯೋಗದಲ್ಲಿ, ಎರಡು ವಾರಗಳ ಇಂಥ ಚಿಕಿತ್ಸೆಯ ಲಾಭ ಒಂದು ವರ್ಷದ ನಂತರವೂ ಕಂಡಿತು. ಮಣಿಕಟ್ಟು ಮತ್ತು ಬೆರಳುಗಳಲ್ಲಿ ಒಂದಿಷ್ಟು ಚಲನೆ ಉಳಿದವರಿಗೆ ಮಾತ್ರ ಇದು ಹೊಂದುತ್ತದೆ ಎಂಬುದನ್ನು ಮರೆಯಬಾರದು.

1996ರಲ್ಲಿ ರಾಂಡೊಲ್ಫ್ ನೂಡೊ ಮತ್ತು ಸಂಗಡಿಗರು ಕೋತಿಗಳ ಮಿದುಳಿನಲ್ಲಿ ಕೈಯನ್ನು ನಿಯಂತ್ರಿಸುವ ಪ್ರದೇಶದ ಸಣ್ಣ ಭಾಗಕ್ಕೆ ಹಾನಿ ಮಾಡಿ, ಸಣ್ಣ ಗುಳಿಯಿಂದ ಆಹಾರ ತೆಗೆಯುವ ನಾಜೂಕಿನ ಕೆಲಸ ಕಲಿಸಿದರು. ಹಾನಿಯಾಗದೆ ಉಳಿದ ಕೈಯ ಪ್ರದೇಶ ಕುಗ್ಗದೆ ಉಳಿಯಿತು, ಕೆಲವೆಡೆ ವಿಸ್ತರಿಸಿತು ಕೂಡ. ಅದೇ ವರ್ಷ ಡೇವಿಡ್ ನೆಲ್ಸನ್ ಮತ್ತು ಸಂಗಡಿಗರು 26 ಮಂದಿ ಪಾರ್ಶ್ವವಾಯು ರೋಗಿಗಳಲ್ಲಿ ಒಂದು ಸರಳ ಹೋಲಿಕೆ ಮಾಡಿದರು. ಅಂಗೈ ಮೇಲಾಗುವಂತೆ ಮುಂಗೈ ತಿರುಗಿಸುವ ವ್ಯಾಯಾಮವನ್ನು ಒಂದು ಗುಂಪಿಗೆ ಹಾಗೇ ಮಾಡಿಸಿದರು. ಇನ್ನೊಂದು ಗುಂಪಿಗೆ ಅದೇ ಚಲನೆಯಿಂದ ದಾಳ ಉರುಳಿಸುವ ಆಟ ಆಡಿಸಿದರು. ದಾಳ ಆಡಿದವರ ಕೈ ಹೆಚ್ಚು ತಿರುಗಿತು. ಚಲನೆ ಒಂದೇ, ಉದ್ದೇಶ ಸೇರಿದಾಗ ಫಲ ಬೇರೆ. 1917ರಲ್ಲಿ ಬಾರ್ಟನ್ ತನ್ನ ಅನುಭವದಿಂದ ನಂಬಿದ್ದನ್ನು ಪ್ರಯೋಗಗಳು ಹೀಗೆ ಭಾಗಶಃ ಸಮರ್ಥಿಸಿದವು.

ಕೈ ಬದಲಾಗದಿದ್ದರೆ?

ಎಲ್ಲ ಕೈಗಳೂ ಮರಳುವುದಿಲ್ಲ. ಆಗ ಪರಿಹಾರ ವಿಧಾನ ಬೇಕು. ಕೆಲಸದ ರೀತಿ, ಉಪಕರಣ, ಜಾಗ ಇವುಗಳಲ್ಲಿ ಒಂದನ್ನು ಬದಲಿಸುವುದು ಇದರ ತತ್ತ್ವ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು, ಗುಂಡಿಯ ಬದಲು ಅಂಟುಪಟ್ಟಿ ಹೊಲಿಯುವುದು, ಅಂಗಿ ತೊಡುವಾಗ ಮೊದಲು ದುರ್ಬಲ ಕೈಗೆ ತೋಳು ಏರಿಸುವುದು ಇದರ ಸಣ್ಣ ಉದಾಹರಣೆಗಳು. ಮಗ್ಗಕ್ಕೂ ಇದು ಅನ್ವಯಿಸುತ್ತದೆ. ಮೊಣಕಾಲು ಮಡಚಲಾರದವರಿಗೆ ಗುಂಡಿಗೆ ಇಳಿದು ಏರುವುದೇ ದೊಡ್ಡ ತೊಡಕು; ಬೆಂಚಿನ ಎತ್ತರದ ಚೌಕಟ್ಟು ಮಗ್ಗ ಅವರಿಗೆ ಸುಲಭ. ಕೈಯಿಂದ ಲಾಳಿ ಎಸೆಯಲು ಎರಡು ಕೈ ಬೇಕು. 1733ರಲ್ಲಿ ಜಾನ್ ಕೇ ರೂಪಿಸಿದ ಹಾರುವ ಲಾಳಿಯಲ್ಲಿ ಹಗ್ಗ ಎಳೆಯಲು ಒಂದು ಕೈ ಸಾಕು. ವೇಗಕ್ಕಾಗಿ ಹುಟ್ಟಿದ ಯಂತ್ರತಂತ್ರ ದುರ್ಬಲ ಕೈಗೂ ನೆರವಾಗಬಲ್ಲದು.

ಕೈಯನ್ನು ಸರಿಪಡಿಸಬೇಕೇ, ಕೆಲಸವನ್ನು ಹೊಂದಿಸಬೇಕೇ ಎಂಬುದು ಚಿಕಿತ್ಸಕರ ದಿನನಿತ್ಯದ ಇಕ್ಕಟ್ಟು. ಬೇಗನೆ ಎಡಗೈಗೆ ಎಲ್ಲ ಕಲಿಸಿದರೆ ಬಲಗೈ ಬಳಕೆ ತಪ್ಪಿ ಹೋಗಬಹುದು. ಬಲಗೈಗೇ ಕಾದು ಕುಳಿತರೆ ಮನೆಯ ಒಲೆ ಕಾಯುವುದಿಲ್ಲ.

ಕೆಲಸವೂ ಇರಬೇಕಲ್ಲ

1996ರಲ್ಲಿ ಕೆನಡಾದ ಮೇರಿ ಲಾ ಮತ್ತು ಸಂಗಡಿಗರು ವ್ಯಕ್ತಿ–ಪರಿಸರ–ಉದ್ಯೋಗ ಎಂಬ ಮಾದರಿ ಕೊಟ್ಟರು. ಮೂರು ವೃತ್ತಗಳು ಒಂದರ ಮೇಲೊಂದು ಎಷ್ಟು ಹಾಸುತ್ತವೆಯೋ ಅಷ್ಟು ಚೆನ್ನಾಗಿ ಮನುಷ್ಯ ತನ್ನ ಕೆಲಸ ಮಾಡಬಲ್ಲ. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ವರ್ಗೀಕರಣವೂ ಅಂಗವೈಕಲ್ಯವನ್ನು ದೇಹದ ದೋಷ ಮಾತ್ರವೆಂದು ನೋಡದೆ ಪರಿಸರದೊಡನೆ ಸೇರಿಸಿ ನೋಡುತ್ತದೆ.

ಈ ಮಾದರಿಯನ್ನು ಹಿಡಿದು ವರವು ಕಾವಲಿನ ಸೀಮೆಗೆ ಮರಳೋಣ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ನೆಲ ಈ ಶತಮಾನದಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಕೆಯಾಯಿತು. ವರವು ಕಾವಲಿನಲ್ಲಿ 2017ರಲ್ಲಿ ಡಿ.ಆರ್.ಡಿ.ಒ.ದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಕುದಾಪುರದ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ತರಬೇತಿ ಪಡೆದ ಶಿಕ್ಷಕರು ನಿಮ್ಮಲ್ಲೇ ಇರಬಹುದು. ಅದೇ ನೆಲ ಕುರಿಗಾರರಿಗೆ ಮೇವಿನ ಆಸರೆಯಾಗಿತ್ತು. ಹಂಚಿಕೆಯ ಪ್ರಶ್ನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದು 2014ರಲ್ಲಿ ಆದೇಶ ಹೊರಬಿದ್ದಿತು. ಆ ವಿವಾದದ ನ್ಯಾಯನಿರ್ಣಯ ಈ ಲೇಖನದ ವಿಷಯವಲ್ಲ. ಚಿಕಿತ್ಸೆಯ ದೃಷ್ಟಿಯಿಂದ ಮಾತ್ರ ಒಂದು ಮಾತು ಹೇಳಬೇಕು. ಕೈ ಮರಳಿದ ಕಂಬಳಿ ನೇಕಾರರಿಗೆ ಉಣ್ಣೆ ಬೇಕು, ಉಣ್ಣೆಗೆ ಕುರಿ, ಕುರಿಗೆ ಹುಲ್ಲು. ಈ ಸರಪಳಿಯ ಒಂದು ಕೊಂಡಿ ಕಳಚಿದರೂ, ಗೋನಿಯೋಮೀಟರ್ ಎಷ್ಟೇ ಡಿಗ್ರಿ ತೋರಿಸಿದರೂ ಪುನರ್ವಸತಿ ಅರ್ಧಕ್ಕೆ ನಿಲ್ಲುತ್ತದೆ.

ಚಿಕಿತ್ಸಕರ ಕೊರತೆಯೂ ಅಷ್ಟೇ ನಿಜ. ದೊಡ್ಡ ನಗರಗಳಾಚೆ ಔದ್ಯೋಗಿಕ ಚಿಕಿತ್ಸಕರು ಸಿಗುವುದು ಅಪರೂಪ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 2021ರ ಕಾಯಿದೆಯೊಂದು ಔದ್ಯೋಗಿಕ ಚಿಕಿತ್ಸೆಯನ್ನೂ ಸೇರಿಸಿ ವೈದ್ಯಕೀಯ ಸಂಬಂಧಿ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗ ರಚಿಸಿತು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಚಿಕಿತ್ಸಕರ ಜ್ಞಾನ ಇವರ ಮೂಲಕ ಮನೆಯಂಗಳಕ್ಕೆ ತಲುಪುವುದಾದರೆ ದೂರದ ಆಸ್ಪತ್ರೆಯ ಓಡಾಟ ಕಡಿಮೆಯಾದೀತು.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರೇ, ನಿಮ್ಮ ಊರಿನ ಒಂದು ಕೆಲಸವನ್ನು ಆರಿಸಿಕೊಳ್ಳಿ: ನೂಲುವುದು, ಮುದ್ದೆ ತೊಳಸುವುದು, ಹೂ ಕಟ್ಟುವುದು, ಯಾವುದಾದರೂ ಸರಿ. ವಿದ್ಯಾರ್ಥಿಗಳು ಆ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ಬರೆಯಲಿ. ಪ್ರತಿ ಹೆಜ್ಜೆಗೆ ಯಾವ ಕೀಲು ಚಲಿಸಿತು, ಹಿಡಿತ ಬಲದ್ದೋ ನಾಜೂಕಿನದೋ ಎಂದು ಗುರುತಿಸಲಿ. ಎರಡು ಅಡ್ಡಪಟ್ಟಿ ಮತ್ತು ಒಂದು ಕೋನಮಾಪಕ ಇದ್ದರೆ ಮೊಣಕೈ ಎಷ್ಟು ಡಿಗ್ರಿ ಬಾಗಿತು ಎಂದು ಅಳೆಯಬಹುದು. ಆರೋಗ್ಯವಂತರಲ್ಲಿ ನೇರ ಕೈಯಿಂದ ಪೂರ್ಣ ಮಡಚುವವರೆಗೆ ಸುಮಾರು 140ರಿಂದ 150 ಡಿಗ್ರಿ ಬರುತ್ತದೆ. ಕೆಲಸಕ್ಕೆ ಅದರಲ್ಲಿ ಎಷ್ಟು ಬೇಕಾಯಿತು ಎಂದು ಹೋಲಿಸಿ ನೋಡಿ. ಬಳಿಕ ಬರೆಯುವ ಕೈಗೆ ಕಾಲುಚೀಲ ತೊಡಿಸಿ ಇನ್ನೊಂದು ಕೈಯಿಂದ ಅಂಗಿಯ ಗುಂಡಿ ಹಾಕಲು ಹೇಳಿ, ತಗುಲಿದ ಸಮಯ ಬರೆದಿಡಿ. ಒಂದು ವಾರ ದಿನವೂ ಹತ್ತು ನಿಮಿಷ ಅಭ್ಯಾಸ ಮಾಡಿಸಿ ಮತ್ತೆ ಅಳೆಯಿರಿ, ನಕ್ಷೆ ಎಳೆಯಿರಿ.

ತರಗತಿಯಲ್ಲಿ ಅಂಗವೈಕಲ್ಯವಿರುವ ಮಗು ಇದ್ದರೆ, ಈ ಚಟುವಟಿಕೆ ಯಾರಿಗೂ ನಗೆಯ ವಸ್ತುವಾಗದಂತೆ ನೋಡಿಕೊಳ್ಳಿ. ಆ ಮಗು ಈಗಾಗಲೇ ಕಂಡುಕೊಂಡಿರುವ ಉಪಾಯಗಳನ್ನು ಕೇಳಿ, ಒಪ್ಪಿದರೆ ಎಲ್ಲರಿಗೂ ತೋರಿಸಲು ಹೇಳಿ. ಪುಸ್ತಕದಲ್ಲಿ ಇಲ್ಲದ ಪರಿಹಾರ ವಿಧಾನಗಳು ಅಲ್ಲಿ ಸಿಗುತ್ತವೆ.